ಗುಟ್ಟು ರಟ್ಟಾದ ಮೇಲೂ ರಿಕ್‌ರೋಲ್ ಏಕೆ ಸಾಯುವುದಿಲ್ಲ?

ಸಂಜೆಯ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಲಿಂಕನ್ನು ಬೇರೇನೋ ಮಹತ್ವದ ವಿಷಯವೆಂದು ನಂಬಿಸಿ ಕಳುಹಿಸುವುದು, ಅದನ್ನು ಒತ್ತಿದವರ ಮುಂದೆ ರಿಕ್ ಆಸ್ಟ್ಲಿಯ ‘ನೆವರ್ ಗೊನ್ನಾ ಗಿವ್ ಯೂ ಅಪ್’ ಹಾಡಿನ ವಿಡಿಯೊ ಥಟ್ಟನೆ ತೆರೆದುಕೊಳ್ಳುವುದು: ರಿಕ್‌ರೋಲ್ ಎಂದು ಕರೆಯಲಾಗುವ ಈ ಕೀಟಲೆಗೆ ಇಲ್ಲಿನ ಬಹುಪಾಲು ಸದಸ್ಯರು ಒಮ್ಮೆಯಾದರೂ ಸಿಕ್ಕಿಬಿದ್ದಿರುತ್ತೀರಿ. ಈಚೆಗೆ ನಮ್ಮ ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪರಿಷ್ಕೃತ ರಜಾಪಟ್ಟಿ’ ಎಂಬ ಒಕ್ಕಣೆಯೊಡನೆ ಬಂದ ಲಿಂಕನ್ನು, ಈ ಕೀಟಲೆಯ ಪರಿಚಯ ಚೆನ್ನಾಗಿಯೇ ಇರುವ ಹಿರಿಯ ಸಹೋದ್ಯೋಗಿಗಳು ಕೂಡ ಒತ್ತಿ ಬೇಸ್ತು ಬಿದ್ದರು. ಬಿದ್ದವರಲ್ಲಿ ಒಬ್ಬರೂ ಮುನಿಸಿಕೊಳ್ಳಲಿಲ್ಲ. ಅದೇ ಲಿಂಕನ್ನು ತಮ್ಮ ತಮ್ಮ ಮನೆಯವರ ಗುಂಪುಗಳಿಗೆ ದಾಟಿಸಿ ಕೈತೊಳೆದುಕೊಂಡರು.

ಅಂತರ್ಜಾಲದ ತಮಾಷೆಗಳ ಆಯುಸ್ಸು ಸಾಮಾನ್ಯವಾಗಿ ಬಹಳ ಕಡಿಮೆ. ಇವತ್ತು ಎಲ್ಲರ ಬಾಯಲ್ಲಿರುವ ಚಿತ್ರವನ್ನೋ ಮಾತನ್ನೋ ಮುಂದಿನ ಯುಗಾದಿಯ ಹೊತ್ತಿಗೆ ಯಾರೂ ನೆನೆಯುವುದಿಲ್ಲ. 2007ರಲ್ಲಿ ಶುರುವಾದ ಈ ಕೀಟಲೆ ಮಾತ್ರ, ಆಗ ಹುಟ್ಟಿಯೇ ಇರದಿದ್ದ ಹುಡುಗರ ಕೈಯಲ್ಲೂ ನಡೆಯುತ್ತಿದೆ. ಕೀಟಲೆಯೆಂದರೆ ಎದುರಿನವರಿಗೆ ಗೊತ್ತಿಲ್ಲದಿರುವುದೇ ಅದರ ಬಂಡವಾಳವಲ್ಲವೇ? ಎಲ್ಲರಿಗೂ ಗೊತ್ತಾದ ಮೇಲೂ ಇದು ನಗಿಸುವುದಕ್ಕೆ ಹಾಡಿನ ಗುಣ ಕಾರಣವೋ, ಕೀಟಲೆಯ ಕಟ್ಟುವಿಕೆ ಕಾರಣವೋ, ಅಥವಾ ಇದು ಬರಿಯ ರೂಢಿಯೋ? ಈ ಜಾಗದಲ್ಲಿ ಬೇರೆ ಯಾವ ಹಾಡು ಇದ್ದರೂ ಹೀಗೆಯೇ ಆಗುತ್ತಿತ್ತೆ?

ಹಳೆಯ ಮೋಡೆಮ್

ಇದಕ್ಕೆ ಉತ್ತರ ಸಿಗಬೇಕಾದರೆ ರಿಕ್‌ರೋಲ್‌ಗಿಂತ ಮೊದಲು ಅದರ ಜಾಗದಲ್ಲಿ ಏನಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಚರ್ಚಾತಾಣಗಳಲ್ಲಿ ಓಡಾಡಿದವರಿಗೆ ಗೊತ್ತು: ಆಗ ‘ಇದನ್ನೊಮ್ಮೆ ನೋಡಿ’ ಎಂದು ಯಾರಾದರೂ ಲಿಂಕ್ ಕೊಟ್ಟರೆ ಅದರ ಹಿಂದೆ ಹೇಸಿಗೆ ಹುಟ್ಟಿಸುವ, ಕೆಲವೊಮ್ಮೆ ರಕ್ತಸಿಕ್ತವಾದ ಚಿತ್ರಗಳಿರುತ್ತಿದ್ದವು. ಮೋಸದ ಲಿಂಕಿನ ಉದ್ದೇಶವೇ ಎದುರಿನವರ ದಿನ ಕೆಡಿಸುವುದಾಗಿತ್ತು.

ಅಂಥ ಚೇಷ್ಟೆಗಳಿಗೆ ಹೆಸರಾಗಿದ್ದ ಫೋರ್‌ಚಾನ್ ಎಂಬ ತಾಣದಲ್ಲಿಯೇ ಈ ಸೌಮ್ಯವಾದ ಕೀಟಲೆಯೂ ಹುಟ್ಟಿದ್ದು ಸೋಜಿಗ. ಅಲ್ಲಿನ ನಿರ್ವಾಹಕರು ಸದಸ್ಯರ ಬರಹಗಳಲ್ಲಿ ‘ಎಗ್’ ಎಂದು ಬಂದಲ್ಲೆಲ್ಲ ‘ಡಕ್’ ಎಂದು ತಾನಾಗಿ ಬದಲಾಗುವ ವ್ಯವಸ್ಥೆಯೊಂದನ್ನು ತಮಾಷೆಗೆ ಅಳವಡಿಸಿದ್ದರು. ಹಾಗಾಗಿ ‘ಎಗ್‌ರೋಲ್’ ಹೋಗಿ ‘ಡಕ್‌ರೋಲ್’ ಆಯಿತು. ಯಾರೋ ಒಬ್ಬರು ಬಾತುಕೋಳಿಗೆ ಗಾಲಿ ಜೋಡಿಸಿದ ಚಿತ್ರ ಮಾಡಿದರು. ಕುತೂಹಲ ಕೆರಳಿಸುವ ಲಿಂಕ್ ಕೊಟ್ಟು ಆ ಬಾತುಕೋಳಿಯನ್ನು ತೋರಿಸುವುದು ಅಲ್ಲಿನ ಆಟವಾಯಿತು. 2007ರ ಮಾರ್ಚ್‌ನಲ್ಲಿ ‘ಗ್ರ್ಯಾಂಡ್ ತೆಫ್ಟ್ ಆಟೊ 4’ ಆಟದ ಮೊದಲ ಟ್ರೇಲರ್ ಬಿಡುಗಡೆಯಾದಾಗ, ಜನರ ನೂಕುನುಗ್ಗಲಿಗೆ ರಾಕ್‌ಸ್ಟಾರ್ ಕಂಪನಿಯ ತಾಣವೇ ಕುಸಿದುಬಿತ್ತು. ಟ್ರೇಲರ್‌ಗಾಗಿ ಎಲ್ಲರೂ ಹಪಹಪಿಸುತ್ತಿದ್ದ ಆ ಹೊತ್ತಿನಲ್ಲಿ ‘ಇಲ್ಲಿದೆ ನೋಡಿ’ ಎಂದು ಬಂದ ಲಿಂಕನ್ನು ಒತ್ತಿದವರಿಗೆ ಸಿಕ್ಕಿದ್ದು ಬಾತುಕೋಳಿಯಲ್ಲ, ಆಸ್ಟ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಈ ಕೀಟಲೆಗೆಂದೇ ಹಾಡಿನ ವಿಡಿಯೊ ಯೂಟ್ಯೂಬ್‌ಗೆ ಬಂತು. 2008ರ ಏಪ್ರಿಲ್ 1ರಂದು ಯೂಟ್ಯೂಬ್ ತನ್ನ ಮುಖಪುಟದ ವಿಶೇಷ ವಿಡಿಯೊಗಳನ್ನೆಲ್ಲ ಇದೇ ಹಾಡಿಗೆ ತಿರುಗಿಸಿಬಿಟ್ಟಿತು. ಅಮೆರಿಕದಲ್ಲಿ ಕಡಿಮೆಯೆಂದರೂ 1.8 ಕೋಟಿ ವಯಸ್ಕರು ರಿಕ್‌ರೋಲ್‌ಗೆ ಸಿಕ್ಕಿದ್ದಾರೆಂದು ಸರ್ವೆಯುಎಸ್ಎ ಸಂಸ್ಥೆ ಅಂದಾಜು ಮಾಡಿದ್ದೂ ಅದೇ ತಿಂಗಳು.

ನನ್ನ ಅಭಿಪ್ರಾಯದಲ್ಲಿ ಇದರ ನಗೆಯ ಅರ್ಧ ಭಾಗ ಬಿಡುಗಡೆಯ ನಗೆ. ಮೋಸವಾಯಿತು ಎಂದು ಗೊತ್ತಾಗುವ ಕ್ಷಣದಲ್ಲಿ ಮನಸ್ಸು ಕೆಟ್ಟದ್ದನ್ನೇ ನಿರೀಕ್ಷಿಸಿ ಬಿಗಿಯಾಗುತ್ತದೆ. ಆದರೆ ಎದುರಿಗೆ ಬಂದವನು ಕೈ ಬೀಸುತ್ತ ಕುಣಿಯುವ, ಸಂಭಾವಿತನಂತೆ ಕಾಣುವ ಒಬ್ಬ ಹುಡುಗ. ಹಣ ಹೋಗಲಿಲ್ಲ, ಮಾನ ಹೋಗಲಿಲ್ಲ, ಕಣ್ಣಿಗೆ ಕಾಣಬಾರದ್ದು ಕಾಣಲಿಲ್ಲ. ಅದಕ್ಕೇ ನಿಮ್ಮ ಸಹೋದ್ಯೋಗಿಗಳು ಬೇಸ್ತು ಬಿದ್ದ ಕೂಡಲೇ ಕೀಟಲೆ ಮಾಡುವವರ ಪಕ್ಷಕ್ಕೆ ಸೇರಿಕೊಂಡರು.

ತಾಳ ತಪ್ಪದವರು

ಮೋಡೆಮ್ ಅವರ ಇತಿಹಾಸ ಸರಿ. ಆದರೆ ಹಾಡನ್ನು ಅವರು ಬಹಳ ಸುಲಭವಾಗಿ ದಾಟಿಹೋದರೆಂದು ನನಗನ್ನಿಸುತ್ತದೆ. ‘ಬೇರೆ ಯಾವ ಹಾಡು ಇದ್ದರೂ ಆಗುತ್ತಿತ್ತೆ’ ಎಂಬ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಆಗುತ್ತಿರಲಿಲ್ಲ.

ಮೊದಲಿಗೆ, ಆ ಹಾಡು ಶುರುವಾಗುವ ಬಗೆಯನ್ನು ಗಮನವಿಟ್ಟು ಕೇಳಿ. ಯಂತ್ರದ ಡ್ರಮ್ಮಿನ ಒಂದು ಸಣ್ಣ ಉರುಳು, ಅದರ ಬೆನ್ನಿಗೇ ಸಿಂಥಸೈಜರ್‌ನ ಎತ್ತರದ ಸ್ವರಗಳು. ಆಲಾಪವಿಲ್ಲ, ಪೀಠಿಕೆಯಿಲ್ಲ. ಕೇಳುಗನು ಕಿಟಕಿಯನ್ನು ಮುಚ್ಚಲು ಮೌಸ್ ಒಯ್ಯುವುದರೊಳಗೆ ಹಾಡು ತನ್ನ ಗುರುತು ಹೇಳಿ ಮುಗಿಸಿರುತ್ತದೆ. ನಿಧಾನವಾಗಿ ಮೇಲೇರುವ ಪೀಠಿಕೆಯುಳ್ಳ ಹಾಡಾಗಿದ್ದರೆ, ‘ಇದೇನಿದು’ ಎಂದು ಅರ್ಧ ನಿಮಿಷ ಯೋಚಿಸುವಷ್ಟರಲ್ಲಿ ಕೀಟಲೆ ತಣ್ಣಗಾಗಿರುತ್ತಿತ್ತು. ಗೊತ್ತಿದ್ದವರ ಮೇಲೂ ಇದು ನಡೆಯುವುದಕ್ಕೆ ಇದೇ ಕಾರಣ. ಹಾಡು ಅಪರಿಚಿತವಾಗಿದ್ದರೆ ಗೊಂದಲವಾಗುತ್ತದೆಯೇ ಹೊರತು ನಗು ಬರುವುದಿಲ್ಲ. ಗುರುತು ಸಿಕ್ಕ ಕ್ಷಣವೇ ನಗೆಯ ಕ್ಷಣ.

ಎರಡನೆಯದಾಗಿ, ಇದು ನಿಜಕ್ಕೂ ಕಸುಬುದಾರರು ಕಟ್ಟಿದ ಹಾಡು. ಮೈಕ್ ಸ್ಟಾಕ್, ಮ್ಯಾಟ್ ಏಟ್ಕೆನ್ ಮತ್ತು ಪೀಟ್ ವಾಟರ್‌ಮನ್ ಎಂಬ ಮೂವರು ಎಂಬತ್ತರ ದಶಕದ ಲಂಡನ್ನಿನಲ್ಲಿ ಒಂದರ ಹಿಂದೊಂದು ಜನಪ್ರಿಯ ಹಾಡುಗಳನ್ನು ಹೊರತಂದವರು. ಲ್ಯಾಂಕಶೈರ್‌ನ ನ್ಯೂಟನ್-ಲ-ವಿಲೋಸ್ ಎಂಬ ಊರಿನಲ್ಲಿ 1966ರಲ್ಲಿ ಹುಟ್ಟಿದ ಆಸ್ಟ್ಲಿ, ಅವರ ಸ್ಟುಡಿಯೊದಲ್ಲಿ ಚಹಾ ತಂದುಕೊಡುವುದೂ ಸೇರಿದಂತೆ ಚಿಲ್ಲರೆ ಕೆಲಸ ಮಾಡುತ್ತ ಕಸುಬು ಕಲಿತವನು. 1987ರ ಜುಲೈಯಲ್ಲಿ ಹಾಡು ಬಿಡುಗಡೆಯಾದಾಗ ಅವನಿಗೆ ಇಪ್ಪತ್ತೊಂದು ವರ್ಷ. ಬ್ರಿಟನ್ನಿನಲ್ಲಿ ಅದು ಐದು ವಾರ ಮೊದಲ ಸ್ಥಾನದಲ್ಲಿದ್ದು, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಎನಿಸಿತು. 1988ರ ಮಾರ್ಚ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಮೊದಲನೆಯದಾಯಿತು. ಕೆಟ್ಟ ಹಾಡನ್ನು ಮತ್ತೆ ಮತ್ತೆ ಕೇಳಿಸಿದರೆ ಅದು ಶಿಕ್ಷೆ. ಇದನ್ನು ಕೇಳಿಸಿದರೆ ಕಾಲು ತಾನಾಗಿ ತಾಳ ಹಾಕುತ್ತದೆ, ಬೈಯಲು ತೆರೆದ ಬಾಯಿ ಪಲ್ಲವಿಯನ್ನು ಗುನುಗುತ್ತದೆ.

ಇನ್ನು ವಿಡಿಯೊ. ಅದನ್ನು ನಿರ್ದೇಶಿಸಿದ ಸೈಮನ್ ವೆಸ್ಟ್ ಮುಂದೆ ಹಾಲಿವುಡ್ಡಿಗೆ ಹೋಗಿ ಸಾಹಸ ಚಿತ್ರಗಳನ್ನು ಮಾಡಿದವರು. ಇಲ್ಲಿ ಮಾತ್ರ ಅಂಥ ಯಾವ ಆರ್ಭಟವೂ ಇಲ್ಲ. ಉದ್ದನೆಯ ಟ್ರೆಂಚ್ ಕೋಟು ತೊಟ್ಟ ಎಳೆಮುಖದ ಹುಡುಗ ಭುಜಗಳನ್ನು ಅತ್ತಿತ್ತ ತೂಗುತ್ತ ನಿಂತಿರುತ್ತಾನೆ, ಆ ಮುಖದಿಂದ ನಿರೀಕ್ಷಿಸದಷ್ಟು ಗಡುಸಾದ ದನಿ ಹೊರಡುತ್ತದೆ. ಬಾರಿನ ಕೌಂಟರಿನ ಹಿಂದೆ ಗ್ಲಾಸು ಒರೆಸಬೇಕಾದವನು ಕೆಲಸ ಬಿಟ್ಟು ಲಾಗ ಹಾಕುತ್ತಾನೆ. ಯಾರೂ ತಮಾಷೆ ಮಾಡುತ್ತಿಲ್ಲ, ಎಲ್ಲರೂ ಮನಃಪೂರ್ವಕವಾಗಿ ತಮ್ಮ ಕೆಲಸ ಮಾಡುತ್ತಿದ್ದಾರೆ. ನಗಿಸಲೆಂದು ತೆಗೆದ ವಿಡಿಯೊವನ್ನು ಈ ಕೀಟಲೆಗೆ ಬಳಸಿದ್ದರೆ ಎರಡನೆಯ ಸಲಕ್ಕೇ ಸಪ್ಪೆಯಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಎಂದೂ ನಿನ್ನ ಕೈಬಿಡೆನು, ಎಂದೂ ನಿನಗೆ ಸುಳ್ಳಾಡೆನು ಎಂದು ಹಾಡು ಆಣೆಯಿಡುತ್ತಿರುವುದು ಆಗಷ್ಟೇ ಮೋಸಹೋದವನ ಮುಂದೆ!

ಸಂಜೆಯ ಓದುಗ

ಇಬ್ಬರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆಯಿದೆ. ತನ್ನ ಹಾಡನ್ನು ಜಗತ್ತೆಲ್ಲ ನಗೆಗೀಡು ಮಾಡುತ್ತಿದೆಯೆಂದು ಆಸ್ಟ್ಲಿಯವರಿಗೆ ಬೇಸರವಾಗಲಿಲ್ಲವೇ? ಅಥವಾ ಹಣ ಬರುತ್ತಿದ್ದುದರಿಂದ ಸುಮ್ಮನಿದ್ದರೇ?

ತಾಳ ತಪ್ಪದವರು

ಮೊದಮೊದಲು ಹಣವೇನೂ ಬರಲಿಲ್ಲ. ಯೂಟ್ಯೂಬ್‌ನಲ್ಲಿ ಕೋಟಿಗಟ್ಟಲೆ ಸಲ ನೋಡಲಾದ ಈ ಹಾಡಿನಿಂದ ತಮಗೆ ಸಿಕ್ಕಿದ್ದು 11 ಪೌಂಡ್ ಮಾತ್ರ ಎಂದು ವಾಟರ್‌ಮನ್ 2009ರಲ್ಲಿ ಬಹಿರಂಗವಾಗಿಯೇ ದೂರಿದ್ದರು. ಆಸ್ಟ್ಲಿ 1993ರಲ್ಲಿಯೇ, ಇನ್ನೂ ಇಪ್ಪತ್ತೇಳರ ವಯಸ್ಸಿನಲ್ಲಿ, ಹಾಡುವ ವೃತ್ತಿಯಿಂದ ದೂರ ಸರಿದು ಮನೆ ಸಂಸಾರ ನೋಡಿಕೊಂಡಿದ್ದವರು. ಹಾಗಾಗಿ ಅವರಿಗೆ ಇದರಲ್ಲಿ ಕಳೆದುಕೊಳ್ಳಲು ದೊಡ್ಡ ಪಟ್ಟವಿರಲಿಲ್ಲ ಎನ್ನಬಹುದು. ಆದರೂ ಅವರು ನಡೆದುಕೊಂಡ ರೀತಿ ಮೆಚ್ಚತಕ್ಕದ್ದು: ಮೊಕದ್ದಮೆ ಹೂಡಲಿಲ್ಲ, ಸಿಟ್ಟಾಗಲಿಲ್ಲ, ಕೂಡಲೇ ಹಾಡಿನ ಹೊಸ ಆವೃತ್ತಿಯೊಂದನ್ನು ಮಾರುಕಟ್ಟೆಗೆ ತಂದು ಕಾಸು ಮಾಡಿಕೊಳ್ಳಲು ಹಾತೊರೆಯಲೂ ಇಲ್ಲ. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮೇಸೀಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ, ಕಾರ್ಟೂನ್ ಗೊಂಬೆಗಳು ಬೇರೊಂದು ಹಾಡು ಹಾಡುತ್ತಿದ್ದ ತೇರಿನೊಳಗಿಂದ ಅವರೇ ಸ್ವತಃ ಹೊರಬಂದು, ಟಿವಿ ನೋಡುತ್ತಿದ್ದ ಇಡೀ ದೇಶವನ್ನೇ ರಿಕ್‌ರೋಲ್ ಮಾಡಿದರು. ಕೀಟಲೆಗೆ ಗುರಿಯಾದವನೇ ಕೀಟಲೆಯ ಒಡೆಯನಾದ ಮೇಲೆ ಅದರಲ್ಲಿ ಕ್ರೌರ್ಯ ಉಳಿಯುವುದಾದರೂ ಹೇಗೆ?

2016ರಲ್ಲಿ ಅವರ ‘50’ ಎಂಬ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2020ರಲ್ಲಿ ರೆಡಿಟ್ ತಾಣದಲ್ಲಿ ಅಭಿಮಾನಿಯೊಬ್ಬರು ‘ನಾನು ಹನ್ನೆರಡರ ಹುಡುಗನಿದ್ದಾಗ ನಿಮ್ಮನ್ನು ವೇದಿಕೆಯ ಹಿಂದೆ ಭೇಟಿಯಾಗಿದ್ದೆ’ ಎಂಬ ಅರ್ಥದ ಮಾತಿನೊಡನೆ ಕೊಟ್ಟ ಲಿಂಕನ್ನು ಒತ್ತಿ ಅವರೇ ತಮ್ಮ ಹಾಡಿಗೆ ಬೇಸ್ತು ಬಿದ್ದರು. 2021ರ ಜುಲೈಯಲ್ಲಿ ಅಧಿಕೃತ ವಿಡಿಯೊದ ವೀಕ್ಷಣೆ 100 ಕೋಟಿ ದಾಟಿತು.

ಜಾಲಗಸ್ತು

ಮಾಹಿತಿ ಸುರಕ್ಷತೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ವೃತ್ತಿಯಲ್ಲಿ ರಿಕ್‌ರೋಲ್ ಎಂಬುದು ‘ಬಾಗಿಲು ತೆರೆದಿತ್ತು, ಒಳಗೆ ಬಂದಿದ್ದೆ, ಏನನ್ನೂ ಮುಟ್ಟಿಲ್ಲ’ ಎಂದು ಹೇಳುವ ಒಂದು ರೀತಿಯೇ ಆಗಿಬಿಟ್ಟಿದೆ. 2009ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಹರಡಿದ, ಐಫೋನ್‌ಗಳ ಮೊದಲ ವರ್ಮ್ ಎನ್ನಲಾದ ಕುತಂತ್ರಾಂಶವು, ಕಂಪನಿಯ ಕಟ್ಟುಪಾಡನ್ನು ಮುರಿದು ಬಳಸುತ್ತಿದ್ದ, ಆದರೆ ಮೂಲ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದ ಫೋನುಗಳೊಳಗೆ ನುಗ್ಗಿ ಮಾಡಿದ್ದು ಇಷ್ಟೇ: ಪರದೆಯ ಚಿತ್ರವನ್ನು ತೆಗೆದು ಆಸ್ಟ್ಲಿಯ ಚಿತ್ರವನ್ನು ಇಟ್ಟಿತು. 2021ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ ಶಾಲೆಗಳ ಪರದೆಗಳಲ್ಲೆಲ್ಲ ಏಕಕಾಲಕ್ಕೆ ಈ ಹಾಡು ಬರುವಂತೆ ಮಾಡಿ, ಆಮೇಲೆ ತಾವು ಕಂಡ ದೋಷಗಳ ವರದಿಯನ್ನೂ ಆಡಳಿತಕ್ಕೆ ಒಪ್ಪಿಸಿದರು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳ ಹ್ಯಾಕಿಂಗ್ ಸ್ಪರ್ಧೆಗಳಲ್ಲೂ, ಬಹಳ ಹೊತ್ತು ತಿಣುಕಿ ಬಿಡಿಸಿದ ಸಂಕೇತದ ಕೊನೆಯಲ್ಲಿ ಈ ಹಾಡೇ ಸಿಗುವುದು ಮಾಮೂಲು.

ಕೀಟಲೆಗೆ ಅಡ್ಡಿಗಳೂ ಇವೆ. ವಾಟ್ಸ್ಆ್ಯಪ್ ಲಿಂಕಿನ ಜೊತೆಗೆ ಚಿತ್ರವನ್ನೂ ತೋರಿಸಿ ಗುಟ್ಟು ಬಿಟ್ಟುಕೊಡುತ್ತದೆ. ಯೂಟ್ಯೂಬ್ ಹಾಡಿಗೆ ಮೊದಲು ಜಾಹೀರಾತು ತೋರಿಸಿ ಆ ಡ್ರಮ್ಮಿನ ಉರುಳಿನ ಮಜಾ ಕೆಡಿಸುತ್ತದೆ. ಸಣ್ಣ ‘ಡಿ’ಯಿಂದ ಮೊದಲಾಗಿ ದೊಡ್ಡ ‘ಕ್ಯೂ’ನಲ್ಲಿ ಮುಗಿಯುವ ಆ ವಿಡಿಯೊದ ಹನ್ನೊಂದು ಅಕ್ಷರಗಳ ಗುರುತನ್ನು ಬಾಯಿಪಾಠ ಮಾಡಿಕೊಂಡಿರುವವರು ಲಿಂಕ್ ನೋಡಿಯೇ ನಕ್ಕು ಸುಮ್ಮನಾಗುತ್ತಾರೆ. ಆದ್ದರಿಂದಲೇ ಕೀಟಲೆಗಾರರು ಈಗ ಕ್ಯೂಆರ್ ಕೋಡಿಗೆ ಹೊರಳಿದ್ದಾರೆ. ಆ ಕಪ್ಪುಬಿಳುಪು ಚೌಕವನ್ನು ಕಣ್ಣಿನಿಂದ ಓದಲಾಗದು, ಮೇಲಾಗಿ ತರಕಾರಿ ಅಂಗಡಿಯಿಂದ ಆಟೊದವರೆಗೆ ಎಲ್ಲೆಲ್ಲೂ ಸ್ಕ್ಯಾನ್ ಮಾಡುವ ನಮಗೆ ಅದನ್ನು ಕಂಡ ಕೂಡಲೇ ಫೋನ್ ಎತ್ತುವುದು ಅಭ್ಯಾಸವಾಗಿಬಿಟ್ಟಿದೆ. ಈ ಅಭ್ಯಾಸ ನನಗಂತೂ ನಗೆಯ ವಿಷಯವಲ್ಲ. ರಜಾಪಟ್ಟಿಯೆಂದು ಬಂದ ಲಿಂಕನ್ನು ಒತ್ತಿದ ಸಹೋದ್ಯೋಗಿಗಳಿಗೆ ಹಾಡು ಸಿಕ್ಕಿದ್ದು ಕಳುಹಿಸಿದವರ ಒಳ್ಳೆಯತನದಿಂದಲೇ ಹೊರತು ಒತ್ತಿದವರ ಎಚ್ಚರದಿಂದಲ್ಲ.

ಒಪ್ಪದವನು

ಎಲ್ಲರೂ ಇಷ್ಟು ಹೊಗಳುತ್ತಿರುವಾಗ ಒಂದು ಅಪಸ್ವರವೂ ಇರಲಿ. ಇದು ಉಳಿದಿರುವುದು ನಿಜ, ಆದರೆ ಕೀಟಲೆಯಾಗಿ ಉಳಿದಿದೆಯೇ ಎಂಬುದು ನನ್ನ ಸಂದೇಹ. 2011ರಲ್ಲಿ ಶ್ವೇತಭವನದ ಟ್ವಿಟರ್ ಖಾತೆಯು, ಆರ್ಥಿಕ ನೀತಿಯ ಚರ್ಚೆ ನೀರಸವಾಗಿದೆಯೆಂದು ಗೊಣಗಿದ ಒಬ್ಬರಿಗೆ ಇದೇ ಲಿಂಕನ್ನು ಕಳುಹಿಸಿತು. ಸರ್ಕಾರಿ ಕಚೇರಿಯೊಂದು ಮಾಡಲು ಹಿಂಜರಿಯದಿದ್ದರೆ ಅದು ಕೀಟಲೆ ಹೇಗಾದೀತು? ದೊಡ್ಡವರು ತಾವೂ ನಿಮ್ಮವರೇ ಎಂದು ತೋರಿಸಿಕೊಳ್ಳಲು ಬಳಸುವ ಸಲಿಗೆಯ ಮಾತಾಗಿಬಿಟ್ಟಿದೆ ಅದು.

ನಿರುಪದ್ರವಿ ಎಂಬ ಮಾತಿಗೂ ಮಿತಿಯುಂಟು. 2008ರಲ್ಲಿ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡವು ಪಂದ್ಯದ ಎಂಟನೆಯ ಇನಿಂಗ್ಸ್‌ನಲ್ಲಿ ಪ್ರೇಕ್ಷಕರೆಲ್ಲ ಕೂಡಿ ಹಾಡಲು ಒಂದು ಹಾಡನ್ನು ಆರಿಸಿರೆಂದು ಅಂತರ್ಜಾಲದಲ್ಲಿ ಮತ ಕೇಳಿದಾಗ, ಬೇಸ್‌ಬಾಲಿಗೆ ಸಂಬಂಧವೇ ಇಲ್ಲದವರು ಮುಗಿಬಿದ್ದು ಈ ಹಾಡಿಗೆ ಐವತ್ತು ಲಕ್ಷಕ್ಕೂ ಹೆಚ್ಚು ಮತ ಹಾಕಿದರು. ತವರಿನ ಮೊದಲ ಪಂದ್ಯದಲ್ಲಿ ಹಾಡನ್ನು ಹಾಕಿದಾಗ ಶೇ ಕ್ರೀಡಾಂಗಣದ ಪ್ರೇಕ್ಷಕರು ಕೂಗಿ ಧಿಕ್ಕರಿಸಿದರು. ಟಿಕೆಟ್ ಕೊಟ್ಟು ಬಂದ ತಮ್ಮ ಹಬ್ಬದ ನಡುವೆ ಹೊರಗಿನವರು ಬಂದು ನಕ್ಕುಹೋದರೆಂದು ಅವರಿಗೆ ಅನ್ನಿಸಿದ್ದು ಸಹಜವೇ.

ಹಳೆಯ ಮೋಡೆಮ್

ಒಪ್ಪದವನು ಅವರೇ, ಮೆಟ್ಸ್ ಪ್ರಸಂಗ ನಿಮಗಿಂತ ನನ್ನ ವಾದಕ್ಕೇ ಹೆಚ್ಚು ಅನುಕೂಲವಾಗಿದೆ. ಕ್ರೀಡಾಂಗಣದಲ್ಲಿ ಯಾರೂ ಲಿಂಕನ್ನು ಒತ್ತಿರಲಿಲ್ಲ. ಧ್ವನಿವರ್ಧಕದಿಂದ ಹಾಡು ಅವರ ಕಿವಿಗೆ ಬಲವಂತವಾಗಿ ಬಿತ್ತು. ರಿಕ್‌ರೋಲ್‌ನಲ್ಲಿ ಬೇಸ್ತು ಬೀಳುವವನು ತನ್ನ ಕುತೂಹಲದಿಂದ, ತನ್ನ ಬೆರಳಿನಿಂದಲೇ ಬೀಳುತ್ತಾನೆ, ಆದ್ದರಿಂದ ಅವನು ಮೊದಲು ನಗುವುದು ತನ್ನನ್ನು ನೋಡಿಯೇ. ಆ ಒತ್ತುವಿಕೆಯನ್ನು ತೆಗೆದುಬಿಟ್ಟರೆ ಉಳಿಯುವುದು ಒಂದು ಹಳೆಯ ಹಾಡು. ಶ್ವೇತಭವನದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ.