ಪಾಪುಗೆ ಬ್ಲಡ್ ಕಲ್ಚರ್ ಕಳ್ಸಿದಾರೆ, ರಿಪೋರ್ಟ್‌ಗೆ ಎರಡು ದಿನ ಯಾಕೆ ಬೇಕು?

ಜಯನಗರ_ತಮ್ಮ:
ಎಲ್ರಿಗೂ ನಮಸ್ಕಾರ. ಅಕ್ಕನ ಪಾಪು 34 ವಾರಕ್ಕೇ ಹುಟ್ತು, ಹಾಲು ಕುಡೀತಿಲ್ಲ ಮೈ ತಣ್ಣಗಾಗ್ತಿದೆ, ರಕ್ತದಲ್ಲಿ ಸೋಂಕಿರಬಹುದು ಅಂತ ಎನ್‌ಐಸಿಯುಲಿ (ಹಸುಗೂಸುಗಳ ಐಸಿಯು) ಇಟ್ಟು ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಟೆಸ್ಟ್) ಕಳ್ಸಿದಾರೆ. ಸಿಆರ್‌ಪಿ (ಸೋಂಕಿನ ಸುಳಿವು ಕೊಡೋ ರಕ್ತದ ಟೆಸ್ಟ್) ನಾರ್ಮಲ್, ಆದ್ರೂ ಆಂಟಿಬಯೋಟಿಕ್ ಶುರು ಮಾಡಿದ್ರು. ಬೆಂಗಳೂರಲ್ಲೂ ಕಲ್ಚರ್‌ಗೆ ಇಷ್ಟು ಹೊತ್ತಾ? ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಪಿಸಿಆರ್ ಟೆಸ್ಟ್ ಗಂಟೆಗಳಲ್ಲೇ ಬರುತ್ತಂತಲ್ಲ, ಹೊರಗಡೆ ಮಾಡಿಸ್ಬಿಡ್ಲಾ? ರಾತ್ರಿಯೆಲ್ಲಾ ನಿದ್ದೆ ಇಲ್ಲ ನಮ್ಮನೇಲಿ.

ಲ್ಯಾಬ್_ಮೇಡಂ:
ಧೈರ್ಯವಾಗಿರಿ ಸರ್. ನಾನು ಮೈಕ್ರೋಬಯಾಲಜಿ ಲ್ಯಾಬಲ್ಲಿರೋದು. ಸಿಆರ್‌ಪಿ ಲಿವರ್ ತಯಾರು ಮಾಡೋ ಪ್ರೋಟೀನು, ಸೋಂಕು ಶುರುವಾಗಿ 6ರಿಂದ 12 ಗಂಟೆ ಆದ್ಮೇಲೇ ಏರೋದು, ಅದಕ್ಕೇ ಮೊದಲನೇದು ನಾರ್ಮಲ್ ಬಂದ್ರೂ ಡಾಕ್ಟ್ರು ನಂಬ್ಕೊಂಡು ಕೂರಲ್ಲ, ಮಾರನೇ ದಿನ ಮತ್ತೆ ನೋಡ್ತಾರೆ. ಸೋಂಕು ತೋರಿಸೋ ಇನ್ನೊಂದು ರಕ್ತದ ಟೆಸ್ಟ್ ಪ್ರೋಕ್ಯಾಲ್ಸಿಟೋನಿನ್, ಅದು ಬೇಗ ಏರುತ್ತೆ ನಿಜ, ಆದ್ರೆ ಹುಟ್ಟಿದ ಮೊದಲ ಎರಡು ದಿನ ಆರೋಗ್ಯವಾಗಿರೋ ಮಕ್ಕಳಲ್ಲೂ ಅದು ಜಾಸ್ತಿನೇ ಇರುತ್ತೆ.

ಕಲ್ಚರ್‌ಗೆ ಬಂದ್ರೆ, ಬ್ಯಾಕ್ಟೀರಿಯಾ ಬಾಟಲಲ್ಲಿ ಬೆಳೀಬೇಕಲ್ಲ, ಬೆಳೀತಾ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಬ್ಯಾಕ್ಟೆಕ್ ಥರದ ಮಷಿನ್ನು ಕೆಲವೇ ನಿಮಿಷಕ್ಕೊಂದ್ಸಲ ಅದನ್ನ ನೋಡ್ತಾನೇ ಇರುತ್ತೆ, ಪಾಸಿಟಿವ್ ಆಗೋವು ಬಹುಪಾಲು 36-48 ಗಂಟೆಯೊಳಗೇ ಆಗ್ಬಿಡುತ್ತೆ. ಆದ ತಕ್ಷಣ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು) ಮಾಡಿ ವಾರ್ಡಿಗೆ ಫೋನ್ ಮಾಡ್ತೀವಿ, ರಿಪೋರ್ಟ್ ಪ್ರಿಂಟ್ ಆಗ್ಲಿ ಅಂತ ಕಾಯಲ್ಲ. ಆಮೇಲೆ ಪ್ಲೇಟಲ್ಲಿ ಬೆಳೆದಿದ್ದನ್ನ ಮಾಲ್ಡಿ-ಟಾಫ್ ಅನ್ನೋ ಮಷಿನ್ನಿಗೆ ಇಟ್ರೆ ನಿಮಿಷಗಳಲ್ಲಿ ಬ್ಯಾಕ್ಟೀರಿಯಾದ ಹೆಸರು ಗೊತ್ತಾಗುತ್ತೆ.

ಪಿಸಿಆರ್ ಕಲ್ಚರ್ ಬದಲಿಗಲ್ಲ ಸರ್. ಪ್ಯಾನೆಲಲ್ಲಿ (ಆ ಟೆಸ್ಟಿನ ಪಟ್ಟಿಯಲ್ಲಿ) ಇರೋ ಬ್ಯಾಕ್ಟೀರಿಯಾ ಮಾತ್ರ ಹಿಡಿಯುತ್ತೆ, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದು ಪೂರ್ತಿ ಹೇಳಲ್ಲ. ನಮಗೆ ಬೇಕಿರೋದೇ ಅದು. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಬಂದ ಅಧ್ಯಯನದಲ್ಲಿ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾಗಳೇ ಮುಂದಿದ್ವು, ಅದ್ರಲ್ಲೂ ತುಂಬಾ ಔಷಧಿಗೆ ಜಗ್ಗದೇ ಇರೋವು ಬಹಳ.

ಎನ್‌ಐಸಿಯು_ಸಿಸ್ಟರ್:
ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ, ರಕ್ತ ಎಷ್ಟು ತೆಗೆದ್ರು ಅನ್ನೋದು ಮಷಿನ್ನಿಗಿಂತ ಮುಖ್ಯ. ಕಮ್ಮಿ ಅಂದ್ರೆ 1 ಎಂಎಲ್ ಬೇಕು, ಅದೂ ಆಂಟಿಬಯೋಟಿಕ್ ಕೊಡೋಕೆ ಮುಂಚೆ. ಪುಟ್ಟ ಕೂಸಿನ ನರದಿಂದ ಅಷ್ಟು ತೆಗೆಯೋದೇ ಕಷ್ಟ, ಚರ್ಮ ನೀಟಾಗಿ ಒರೆಸಿ ಒಣಗೋವರೆಗೂ ಕಾಯ್ದೇ ಇದ್ರೆ ಮೈಮೇಲಿನ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಬಾಟಲಿಗೆ ಸೇರಿ ಸುಳ್ಳು ಪಾಸಿಟಿವ್ ಬರುತ್ತೆ.

ಜಯನಗರ_ತಮ್ಮ:
ತುಂಬಾ ಥ್ಯಾಂಕ್ಸ್ ಮೇಡಂ, ಸಿಸ್ಟರ್. ಹೊರಗೆ ಓಡಾಡಲ್ಲ ಹಾಗಾದ್ರೆ. ಏನೂ ಬೆಳೀಲಿಲ್ಲ ಅಂದ್ರೆ ಇಂಜೆಕ್ಷನ್ ನಿಲ್ಲಿಸ್ತಾರಾ?

ಲ್ಯಾಬ್_ಮೇಡಂ:
48 ಗಂಟೆಗೂ ನೆಗೆಟಿವ್, ಪಾಪುನೂ ಚೇತರಿಸ್ಕೊಂಡಿದೆ ಅಂದ್ರೆ ಸಾಮಾನ್ಯವಾಗಿ ನಿಲ್ಲಿಸ್ತಾರೆ. ಪಾಪು ಇನ್ನೂ ಸುಸ್ತಾಗೇ ಇದ್ರೆ ಕಲ್ಚರ್ ನೆಗೆಟಿವ್ ಇದ್ರೂ ಮುಂದುವರಿಸಬಹುದು, ಅದು ನೋಡ್ತಿರೋ ಡಾಕ್ಟ್ರೇ ಹೇಳ್ಬೇಕು. ನಾಳೆ ರೌಂಡ್ಸ್ ಟೈಮಲ್ಲಿ ಎರಡನೇ ಸಿಆರ್‌ಪಿ ಎಷ್ಟು ಬಂತು, ಬಾಟಲ್ ಪಾಸಿಟಿವ್ ಆಯ್ತಾ ಅಂತ ಎರಡೂ ಕೇಳಿ.