ಚೀನಾದಿಂದ ತರಿಸಿದ ದೋಟಿ ಸೀಳು ಬಿಟ್ಟಿದೆ, ಕರಾರು ಇದ್ದರೆ ಹಣ ವಾಪಸ್ ಬರುತ್ತಾ?

ಬದಿಯಡ್ಕದವ:
ನಮ್ಮದು ಸಣ್ಣ ಕೃಷಿ ಯಂತ್ರದ ಅಂಗಡಿ. ಅಡಿಕೆ ಕೊಯ್ಯಲಿಕ್ಕೂ ಮದ್ದು ಬಿಡಲಿಕ್ಕೂ ಈಗ ಎಲ್ಲರಿಗೂ ಕಾರ್ಬನ್ ಫೈಬರ್ ದೋಟಿ (ಒಂದರೊಳಗೊಂದು ಜಾರುವ ಪೈಪುಗಳ ಉದ್ದ ಕೋಲು) ಬೇಕು, ಹಾಗಾಗಿ ಚೀನಾದ ಒಂದು ಕಂಪನಿಯಿಂದ ನೇರ ತರಿಸಿದೆವು. 30% ಮುಂಗಡ, ಬಾಕಿ 70% ಹಡಗಿಗೆ ಹಾಕುವ ಮೊದಲು. ಸ್ಯಾಂಪಲ್ ಲಾಯ್ಕಿತ್ತು. ಬಂದ ಮಾಲಿನಲ್ಲಿ ಮೇಲಿನ ಪೈಪುಗಳು ತೆಳು, ಕ್ಲ್ಯಾಂಪ್ ಬಿಗಿ ಮಾಡಿದಲ್ಲಿ ಉದ್ದಕ್ಕೆ ಸೀಳುತ್ತವೆ, ಸೀಳಿನೊಳಗೆ ನೋಡಿದರೆ ಬಿಳಿ ಗ್ಲಾಸ್ ಫೈಬರ್. ಈಗ ಆ ಜನ ವಾಟ್ಸಾಪ್ ನೋಡುತ್ತಾರೆ, ಉತ್ತರ ಇಲ್ಲ. ತಕರಾರು ಬಂದರೆ ಕಾಸರಗೋಡು ಕೋರ್ಟು ಅಂತ ಕರಾರಿನಲ್ಲಿದೆ. ಇಲ್ಲೇ ಕೇಸು ಹಾಕಬಹುದಲ್ವಾ?

ಪೆರ್ಲ ಭಾವ:
ಹಾಕಬಹುದು, ಡಿಕ್ರಿಯೂ ಸಿಗಬಹುದು. ಆಮೇಲೆ ಅದನ್ನು ಹಿಡಿದುಕೊಂಡು ಏನು ಮಾಡುತ್ತೀರಿ ಮಾರಾಯ್ರೆ? ಅವರ ಆಸ್ತಿ ಇರುವುದು ಅಲ್ಲಿ. ಒಬ್ಬರ ಕೋರ್ಟಿನ ತೀರ್ಪನ್ನು ಇನ್ನೊಬ್ಬರು ಜಾರಿ ಮಾಡುವ ಒಪ್ಪಂದ ಭಾರತ ಚೀನಾ ನಡುವೆ ಇಲ್ಲ. ಮಧ್ಯಸ್ಥಿಕೆ ತೀರ್ಪು, ಅಂದರೆ ಕೋರ್ಟಿನ ಹೊರಗೆ ಇಬ್ಬರೂ ಒಪ್ಪಿದ ಮಧ್ಯಸ್ಥರು ಕೊಟ್ಟ ತೀರ್ಪು ಆದರೆ ಬೇರೆ ಮಾತು, ಅಂಥ ತೀರ್ಪನ್ನು ಬೇರೆ ದೇಶದಲ್ಲೂ ಜಾರಿ ಮಾಡುವ ನ್ಯೂಯಾರ್ಕ್ ಒಪ್ಪಂದದಲ್ಲಿ ನಾವು 1960ರಿಂದ ಇದ್ದೇವೆ, ಅವರು 1987ರಿಂದ. ನಿಮ್ಮ ಕರಾರಿನಲ್ಲಿ ಅದಿಲ್ಲ. ಉಳಿದದ್ದು ಅವರ ಊರಿನ ಕೋರ್ಟು. ಪರದೇಶದ ಕಂಪನಿಯೂ ಅಲ್ಲಿ ಕೇಸು ಹಾಕಬಹುದು, ಭದ್ರತೆ ಇಟ್ಟರೆ ಮೊದಲೇ ಬ್ಯಾಂಕ್ ಖಾತೆ ಫ್ರೀಜ್ ಮಾಡಿಸಬಹುದು. ಖಾತೆ ನಿಂತರೆ ಫೋನ್ ಅವರಿಂದಲೇ ಬರುತ್ತದೆ. ಗೆದ್ದ ಮೇಲೂ ಕೊಡದಿದ್ದರೆ ಬಾಕಿದಾರರ ಪಟ್ಟಿಗೆ ಹಾಕುತ್ತಾರೆ, ಕಂಪನಿಯ ಮುಖ್ಯಸ್ಥನಿಗೆ ವಿಮಾನ ಟಿಕೆಟೂ ಸಿಗುವುದಿಲ್ಲ.

ಆದರೆ ಕಾಸರಗೋಡು ಕೋರ್ಟು "ಮಾತ್ರ" ಅಂತ ಬರೆದಿದೆಯಾ ನೋಡಿ. ಹಾಗಿದ್ದರೆ ಅಲ್ಲಿನ ಕೋರ್ಟು ಕೇಸನ್ನೇ ತೆಗೆದುಕೊಳ್ಳದೆ ಇರಬಹುದು. ಅವರ ಸಿವಿಲ್ ಪ್ರಕ್ರಿಯೆ ಕಾಯಿದೆಗೆ 2024ರ ಜನವರಿಯಿಂದ ಜಾರಿಯಾದ ತಿದ್ದುಪಡಿಯಲ್ಲಿ ಅದಕ್ಕೆ ಅವಕಾಶ ಇದೆ. ನಮ್ಮ ಅನುಕೂಲಕ್ಕೆ ಅಂತ ಹಾಕಿದ ಸಾಲು ನಮ್ಮ ಕೈಯನ್ನೇ ಕಟ್ಟುತ್ತದೆ.

ಉಪ್ಪಳದ ಅಕ್ಕ:
ತಮ್ಮಾ, ಮೊದಲು ಕರಾರು ಯಾರ ಜೊತೆ ಆದದ್ದು ನೋಡು. ಇಂಗ್ಲಿಷ್ ಹೆಸರಿಗೆ ಅಲ್ಲಿ ಬೆಲೆಯಿಲ್ಲ, ಚೀನೀ ಹೆಸರು ಮತ್ತು ಲೈಸೆನ್ಸಿನ 18 ಅಂಕಿಯ ನಂಬರ್ ಬೇಕು. ಸರ್ಕಾರದ ಕಂಪನಿ ಪಟ್ಟಿಯಲ್ಲಿ ಪುಕ್ಕಟೆ ನೋಡಬಹುದು. ಕರಾರಿನಲ್ಲಿ ಕಂಪನಿಯ ಕೆಂಪು ಸೀಲ್ ಇದೆಯಾ? ಹಣ ಅದೇ ಹೆಸರಿಗೆ ಹೋಗಿದೆಯಾ?

ಬದಿಯಡ್ಕದವ:
ಸೀಲ್ ಇದೆ ಅಕ್ಕ, ಚೀನೀ ಅಕ್ಷರ. ಹಣ ಹೋದದ್ದು ಹಾಂಗ್‌ಕಾಂಗಿನ ಬೇರೆ ಹೆಸರಿಗೆ. ಭಾವಾ, "ಮಾತ್ರ" ಅಂತಲೇ ಇದೆ. 🤦

ಉಪ್ಪಳದ ಅಕ್ಕ:
ಹಾಗಾದರೆ ಸೀಲ್ ಹಾಕಿದವ ಹಣ ನನಗೆ ಬಂದೇ ಇಲ್ಲ ಅನ್ನುತ್ತಾನೆ. ಆ ಖಾತೆಗೆ ಹಾಕಿ ಅಂತ ಅವನೇ ಕಳಿಸಿದ ಮೇಲ್ ಜೋಪಾನ ಮಾಡು. ಒಡೆದ ಪೈಪಿನ ಫೋಟೋ, ವಿಡಿಯೋ ಹಾಕಿ ಇವತ್ತೇ ಮೇಲ್ ಬರಿ, ವಾಟ್ಸಾಪ್ ಒಂದೇ ಸಾಲದು. ದೋಷವನ್ನು ಸಮಯಕ್ಕೆ ಹೇಳದಿದ್ದರೆ ಅಲ್ಲಿನ ಕಾನೂನಿನಲ್ಲಿ ಮಾಲು ಸರಿ ಇತ್ತು ಅಂತ ಲೆಕ್ಕ. ಕರಾರಿನಲ್ಲಿ ಗಡುವು ಇಲ್ಲದಿದ್ದರೆ ಗರಿಷ್ಠ 2 ವರ್ಷ, ಆದರೆ ಗೊತ್ತಾದ ಮೇಲೆ ಸುಮ್ನೆ ಕೂತರೆ ಅದೂ ಸಿಗುವುದಿಲ್ಲ.

ನೀರ್ಚಾಲು ಮಾಣಿ:
ಎಷ್ಟು ಹಣ ಅಂತ ಹೇಳಲೇ ಇಲ್ಲ ನೀವು. ಎರಡು ಮೂರು ಲಕ್ಷ ಆದರೆ ಅಲ್ಲಿಗೆ ಹೋಗಿ ಕೇಸು ಆಡುವುದು ದಂಡ. ಅಲ್ಲಿನ ವಕೀಲರಿಂದ ಚೀನೀ ಭಾಷೆಯಲ್ಲೇ ಒಂದು ನೋಟಿಸ್ ಕೊಡಿಸಿ. ನಾವು ಇಂಗ್ಲಿಷಿನಲ್ಲಿ ಎಷ್ಟು ಬೈದರೂ ನಾಟುವುದಿಲ್ಲ, ಅದು ನಾಟುತ್ತದೆ. ಹಣದ ಬದಲು ಪೈಪು ಕೊಡುತ್ತೇನೆ ಅಂದರೆ ತಗೊಳ್ಳಿ, ಪ್ರತಿ ಪೈಪಿನ ದಪ್ಪ ಮಿಲಿಮೀಟರ್‌ನಲ್ಲಿ ಬರೆಸಿ, ಮುಂದಿನ ಆರ್ಡರಿನಲ್ಲಿ ಅಲ್ಲೇ ತಪಾಸಣೆ ಆಗದೆ 70% ಬಿಡಬೇಡಿ.

ಪೆರ್ಲ ಭಾವ:
ಮಾಣಿ ಹೇಳಿದ್ದು ಸರಿ. ಪೈಪು ಕೊಡಲಿಕ್ಕೆ ಒಪ್ಪಿದರೆ ಆ ಕಾಗದದಲ್ಲೇ ಕಾಸರಗೋಡು ಕೋರ್ಟಿನ ಹಳೆಯ ಸಾಲು ರದ್ದು ಅಂತ ಬರೆಸಿ, ಹಾಂಗ್‌ಕಾಂಗ್ ಮಧ್ಯಸ್ಥಿಕೆ ಹಾಕಿಸಿ. ಅಲ್ಲಿ ಕೇಸು ನಡೆಯುವಾಗಲೇ ಚೀನಾದ ಕೋರ್ಟಿನಲ್ಲಿ ಖಾತೆ ಫ್ರೀಜ್ ಕೇಳಬಹುದು, 2019ರ ಅಕ್ಟೋಬರಿನಿಂದ ಆ ವ್ಯವಸ್ಥೆ ಇದೆ. ಮಾತು ತಪ್ಪಿದರೆ ಅವರು ಕೊಡಬೇಕಾದ ದಂಡದ ಮೊತ್ತವನ್ನೂ ಹಾಕಿ, ಆದರೆ ಆಸೆಗೆ ಜಾಸ್ತಿ ಬೇಡ, ನಷ್ಟಕ್ಕಿಂತ 30% ಮೇಲೆ ಹೋದರೆ ಅಲ್ಲಿ ಕಡಿಮೆ ಮಾಡುತ್ತಾರೆ. ಸೀಲ್ ಮರೀಬೇಡಿ. ಮುಂದಿನ ಆರ್ಡರ್ ಸಿಗುತ್ತದೆ ಅಂತ ಅವರಿಗೆ ಆಸೆ ಇರುವಾಗಲೇ ಇದನ್ನೆಲ್ಲ ಮುಗಿಸಿಕೊಳ್ಳಿ.