ಪದಚರ್ಚೆ: ಗರಿಯೋ, ಪುಕ್ಕವೋ, ತುಪ್ಪಳವೋ? (ಫಲಕ ನಾಳೆ ಅಚ್ಚಿಗೆ)

ಕೇಳಿದವರು: ಅನುವಾದಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇಂಗ್ಲಿಷ್ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫ್ಲೆಕ್ಸ್ ಮುದ್ರಿಸುವವರು ನಾಳೆ ಬೆಳಿಗ್ಗೆಯೊಳಗೆ ಪಠ್ಯ ಕೇಳಿದ್ದಾರೆ. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಯುಕಟಾನ್ ಬಳಿ ಆ ಕ್ಷುದ್ರಗ್ರಹ ಅಪ್ಪಳಿಸದೇ ಹೋಗಿದ್ದರೆ ಗರಿಯಿದ್ದ ಡೈನೋಸಾರ್‌ಗಳ ಗತಿ ಏನಾಗುತ್ತಿತ್ತು ಎಂಬುದು ಮುಖ್ಯ ಫಲಕದ ವಿಷಯ. ನನ್ನ ತಲೆಬರಹ ಹೀಗಿದೆ: ‘ಸಾಮೂಹಿಕ ಅಳಿವು ಆಗದಿದ್ದರೆ ಗರಿ ಡೈನೋಸಾರ್‌ಗಳು ಹೇಗೆ ವಿಕಾಸಗೊಳ್ಳುತ್ತಿದ್ದವು?’

ಎರಡು ಸಂದೇಹ. ‘ಗರಿ ಡೈನೋಸಾರ್’ ಸರಿಯೇ, ‘ಪುಕ್ಕದ ಡೈನೋಸಾರ್’ ಎನ್ನಬೇಕೇ? ‘ಸಾಮೂಹಿಕ ಅಳಿವು’ ಎಂದರೆ ಯಾಕೋ ಸಾಮೂಹಿಕ ವಿವಾಹದ ಕರೆಯೋಲೆ ಓದಿದಂತಾಗುತ್ತದೆ. ಬೇರೆ ಪದವಿದ್ದರೆ ತಿಳಿಸಿ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಚಿತ್ರದುರ್ಗ

ಗರಿಯೇ ಸರಿ. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ, ಗಱಿ. ಸಂಸ್ಕೃತದ ‘ಗರುತ್’ ಎಂಬುದಕ್ಕೆ ಇದನ್ನು ಗಂಟು ಹಾಕುವವರು ಈ ಬಳಗದಲ್ಲೂ ಇದ್ದಾರೆ. ಸಂಸ್ಕೃತದಲ್ಲಿ ಱಕಾರವೇ ಇಲ್ಲ ಎಂಬುದನ್ನು ಅವರು ಮೊದಲು ಗಮನಿಸಲಿ. ಬಾಣದ ಗರಿ, ತೆಂಗಿನ ಗರಿ, ನವಿಲಿನ ಗರಿ ಎಲ್ಲವೂ ಈ ನೆಲದ್ದೇ. ಪುಕ್ಕ ಬೇಡ, ಹಗುರವಾಗುತ್ತದೆ.

ಎರಡನೆಯದಕ್ಕೆ ‘ಹೇರಳಿವು’ ಎನ್ನಿ. ಪೇರಡವಿ (ದೊಡ್ಡ ಕಾಡು), ಹೇರಡವಿ ಆದ ದಾರಿಯಲ್ಲೇ ಬಂದದ್ದು. ‘ಮಹಾ ಅಳಿವು’ ಎಂದು ಯಾರಾದರೂ ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು.

ಉತ್ತರ: ಪತ್ರಿಕೆಯ ಕರಡು ತಿದ್ದುವವರು, ಹೊಳಲ್ಕೆರೆ

ಹೇರಳಿವು! ಎಂಟನೇ ತರಗತಿಯ ಹುಡುಗಿ ಅದನ್ನು ‘ಹೇರಳ’ ಎಂದು ಓದಿಕೊಳ್ಳುತ್ತಾಳೆ. ಭೂಮಿಯ ಮೇಲಿನ ಮುಕ್ಕಾಲು ಪಾಲು ಜೀವಪ್ರಭೇದಗಳು ಅಳಿದುಹೋದ ಘಟನೆಗೆ ಸಮೃದ್ಧಿಯ ವಾಸನೆ ಹೊಡೆಯುವ ಹೆಸರು. ಸಂಧಿ ಸರಿಯಿದೆ ಮೇಷ್ಟ್ರೇ, ಪದ ಸರಿಯಿಲ್ಲ. ‘ಮಹಾವಿನಾಶ’ ಎಂದರೆ ಸಾಕು.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಚಿತ್ರದುರ್ಗ

ವಿನಾಶ ಸೇತುವೆಗೂ ಆಗುತ್ತದೆ, ಬೆಳೆಗೂ ಆಗುತ್ತದೆ. ಅಳಿವು ಕುಲಕ್ಕೆ ಬರುವಂಥದ್ದು. ಹುಡುಗಿಗೆ ಪದ ಗೊತ್ತಿಲ್ಲದಿದ್ದರೆ ಹೇಳಿಕೊಡಿ. ಶಾಲೆ ಇರುವುದು ಅದಕ್ಕೇ.

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹರಿಹರ

ಪದಕ್ಕಿಂತ ಮೊದಲು ವಾಕ್ಯವನ್ನು ನೋಡಬಾರದೇ? ಈ ತಲೆಬರಹ ಓದಿದವರಿಗೆ, ಅಳಿವು ತಪ್ಪಿದ್ದರೆ ಮಾತ್ರ ಡೈನೋಸಾರ್‌ಗಳಿಗೆ ಗರಿ ಮೂಡುತ್ತಿತ್ತು ಎನ್ನಿಸುತ್ತದೆ. ಗರಿ ಅದಕ್ಕಿಂತ ಎಷ್ಟೋ ಮೊದಲೇ ಮೂಡಿತ್ತು. 1861ರಲ್ಲಿ ಜರ್ಮನಿಯಲ್ಲಿ ಹೆಸರು ಪಡೆದ, ಗರಿಯಿದ್ದ ಆರ್ಕಿಯಾಪ್ಟೆರಿಕ್ಸ್ ಎಂಬ ಜೀವಿ ಸುಮಾರು 15 ಕೋಟಿ ವರ್ಷ ಹಳೆಯದು. ಅಲ್ಲದೆ ಗರಿಯಿದ್ದ ಡೈನೋಸಾರ್‌ಗಳ ಒಂದು ಕವಲು, ಅಂದರೆ ಹಕ್ಕಿಗಳು, ಅಳಿಯಲೇ ಇಲ್ಲ. ದಾವಣಗೆರೆಯ ಕುಂದುವಾಡ ಕೆರೆಯ ದಂಡೆಯಲ್ಲಿ ಈಗಲೂ ಮೀನು ಹಿಡಿಯುತ್ತಿದೆ. ಆದ್ದರಿಂದ ಅಳಿದವುಗಳನ್ನು ‘ಹಕ್ಕಿಯಲ್ಲದ ಡೈನೋಸಾರ್‌ಗಳು’ ಎಂದು ಬಿಡಿಸಿ ಹೇಳಲೇಬೇಕು. ಉದ್ದವಾಯಿತು ಎಂದು ಕತ್ತರಿಸಬೇಡಿ.

ಇನ್ನು ಗರಿ. ಎಲ್ಲದಕ್ಕೂ ಗರಿ ಎಂದರೆ ನನಗೆ ಒಪ್ಪಿಗೆಯಿಲ್ಲ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಬೆಳಕಿಗೆ ಬಂದ ಸೈನೊಸಾರೊಪ್ಟೆರಿಕ್ಸ್ ಎಂಬ ಡೈನೋಸಾರ್‌ನ ಮೈಮೇಲೆ ಇದ್ದುದು ಬರೀ ಎಳೆಗಳು, ನಡುದಂಟಿಲ್ಲ, ಎಸಳಿಲ್ಲ. 2012ರಲ್ಲಿ ಹೆಸರಿಟ್ಟ ಯುಟಿರನಸ್ ಒಂಬತ್ತು ಮೀಟರ್ ಉದ್ದದ ಬೇಟೆಗಾರ, ಅದಕ್ಕೂ ಅಂಥದೇ ಎಳೆಯ ಹೊದಿಕೆ. ಇವಕ್ಕೆ ನಮ್ಮಲ್ಲಿ ‘ತುಪ್ಪಳ’ ಎಂಬ ಒಳ್ಳೆಯ ಪದವಿದೆ. ಮೈಕ್ರೊರ್ಯಾಪ್ಟರ್ ಎಂಬ ಡೈನೋಸಾರ್‌ನ ಕೈಗಳಲ್ಲೂ ಕಾಲುಗಳಲ್ಲೂ ಇದ್ದುದು ನಿಜವಾದ ಗರಿ. ತುಪ್ಪಳ ಮೈ ಬೆಚ್ಚಗಿಡಲು, ಗರಿ ಗಾಳಿಯನ್ನು ತಳ್ಳಲು. ಈ ಭೇದ ಫಲಕದ ಪ್ರಶ್ನೆಗೇ ಬೇಕು. ಏಕೆಂದರೆ ಭೂಮಿ ಆಮೇಲೆ ತಣ್ಣಗಾಯಿತು, ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾ ಹಿಮ ಹೊದ್ದಿತು. ಅಷ್ಟರವರೆಗೆ ಉಳಿದಿದ್ದರೆ ತುಪ್ಪಳವಿದ್ದವುಗಳ ಕೈ ಮೇಲಾಗುತ್ತಿತ್ತು ಎಂದು ಊಹಿಸಲು ಆಧಾರವಿದೆ. ಹುಲ್ಲು ಮೇಯುವವೂ ಹೆಚ್ಚುತ್ತಿದ್ದವು; ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಕಣಗಳಿದ್ದವೆಂದು 2005ರಲ್ಲೇ ವರದಿಯಾಗಿದೆ. ನಮ್ಮ ಸಸ್ತನಿಗಳು ಆಗ ಬಹುಪಾಲು ಬಿಲ, ಪೊದೆಗಳ ಸಣ್ಣ ಜೀವಿಗಳು. ಜಾಗ ತೆರವಾಗದಿದ್ದರೆ ಅವು ಆನೆ, ತಿಮಿಂಗಿಲಗಳಾಗುವುದು ಅನುಮಾನ.

ಮೂಲ ಫಲಕದಲ್ಲಿ ಮನುಷ್ಯನಂತೆ ನೆಟ್ಟಗೆ ನಿಂತ ಡೈನೋಸಾರ್ ಚಿತ್ರವಿದ್ದರೆ ತೆಗೆಸಿ. ಅದು 1982ರಲ್ಲಿ ಕೆನಡಾದ ಪಳೆಯುಳಿಕೆ ತಜ್ಞ ಡೇಲ್ ರಸೆಲ್ ಮುಂದಿಟ್ಟ ಊಹೆ. ಮಿದುಳು ಬೆಳೆದ ಮಾತ್ರಕ್ಕೆ ಬಾಲ ಬಿದ್ದು ಬೆನ್ನು ನೆಟ್ಟಗಾಗಬೇಕೆಂಬ ನಿಯಮವೇನೂ ಇಲ್ಲ. ಕಾಗೆಯೇನು ದಡ್ಡ ಪ್ರಾಣಿಯೇ?

ಮತ್ತೊಂದು. ನಮ್ಮ ಕಡೆ ಡೈನೋಸಾರ್ ಮೂಳೆ ಸಿಗುತ್ತದೆಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಚಿತ್ರದುರ್ಗದ ಶಿಲೆಗಳು ಅದಕ್ಕೆ ವಿಪರೀತ ಹಳೆಯವು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಸುಮಾರು 250 ಕೋಟಿ ವರ್ಷದ್ದು. ಗುಜರಾತಿನ ಬಾಲಾಸಿನೋರ್ ಕಡೆಗೆ ಕೈ ತೋರಿಸಿ.

ಉತ್ತರ: ಚಳ್ಳಕೆರೆಯಿಂದ

ಮೇಡಂ ಇಷ್ಟೆಲ್ಲ ಬರೆದರು, ‘ಡೈನೋಸಾರ್’ ಎಂಬುದನ್ನು ಮಾತ್ರ ಹಾಗೆಯೇ ನುಂಗಿಕೊಂಡರು. ತೆಲುಗಿನವರು ರಾಕ್ಷಸಬಲ್ಲಿ ಎನ್ನುತ್ತಾರೆ. ನಾವು ‘ರಕ್ಕಸಹಲ್ಲಿ’ ಎಂದರೆ ನಾಲಿಗೆ ಸವೆಯುತ್ತದೆಯೇ? ಕಡ ತರುವುದೇ ಬದುಕಾದರೆ ಪದಚರ್ಚೆ ಯಾಕೆ, ನಿಘಂಟು ಯಾಕೆ?

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹರಿಹರ

ಅದು ಹಲ್ಲಿಯಲ್ಲ. 1842ರಲ್ಲಿ ರಿಚರ್ಡ್ ಓವನ್ ಗ್ರೀಕಿನಲ್ಲಿ ಇಟ್ಟ ಹೆಸರಿನಲ್ಲಿ ಹಲ್ಲಿ ಇದೆ. ಆ ತಪ್ಪನ್ನು ಗ್ರೀಕಿನಲ್ಲೇ ಬಿಟ್ಟುಬಿಡೋಣ. ಗುಬ್ಬಚ್ಚಿಯೂ ರಕ್ಕಸಹಲ್ಲಿ ಎಂದು ಬರೆಯುವ ಪ್ರಸಂಗ ನನಗೆ ಬೇಡ.

ಉತ್ತರ: ಪತ್ರಿಕೆಯ ಕರಡು ತಿದ್ದುವವರು, ಹೊಳಲ್ಕೆರೆ

ಚಳ್ಳಕೆರೆಯವರೇ, ‘ರಕ್ಕಸ’ ರಾಕ್ಷಸದ ತದ್ಭವ. ‘ಹಕ್ಕಿ’ ಪಕ್ಷಿಯ ತದ್ಭವ. ನೀವು ಕಡ ಬೇಡವೆಂದು ಕೈಗೆತ್ತಿಕೊಂಡದ್ದೂ ಹಳೆಯ ಕಡವೇ, ಬಡ್ಡಿ ಮರೆತಿದ್ದೀರಿ ಅಷ್ಟೆ. ಬಸ್ಸು, ಕಚೇರಿ, ಕಾಗದ ಇವನ್ನು ವಾಪಸು ಕೊಟ್ಟು ನಾಳೆಯಿಂದ ಹೇಗೆ ಬದುಕುತ್ತೀರೋ ತಿಳಿಸಿ.

ಉತ್ತರ: ಚಳ್ಳಕೆರೆಯಿಂದ

ತದ್ಭವ ಎಂದರೆ ನಾಲಿಗೆಗೆ ಒಗ್ಗಿಸಿಕೊಂಡದ್ದು. ‘ಡೈನೋಸಾರ್‌ಗಳು’ ಎಂಬಲ್ಲಿ ಒಗ್ಗಿದ್ದೇನು? ಕೊನೆಗೆ ‘ಡೈನೋಸಾರು’ ಎಂದು ಉಕಾರವನ್ನಾದರೂ ಹಚ್ಚಿ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಚಿತ್ರದುರ್ಗ

ಉಕಾರದ ಮಾತು ಒಪ್ಪತಕ್ಕದ್ದು. ಬಸ್ಸು, ಕಾರು, ಡೈನೋಸಾರು. ತುಪ್ಪಳವೂ ಒಪ್ಪಿಗೆ; ಹಳಗನ್ನಡದ ತುಪ್ಪುಳ್. ಮೇಡಂ ಅದನ್ನು ಹೇಳಲಿಲ್ಲವಾದ್ದರಿಂದ ನಾನು ಹೇಳಿದ್ದೇನೆ.

ಉತ್ತರ: ಅನುವಾದಕ, ದಾವಣಗೆರೆ

ಮುದ್ರಣದವರು ಎರಡು ಸಲ ಫೋನ್ ಮಾಡಿದರು. ಹೀಗೆ ಕಳುಹಿಸುತ್ತಿದ್ದೇನೆ: ‘ಆ ಮಹಾ ಅಳಿವು ತಪ್ಪಿದ್ದರೆ, ಗರಿ ಮತ್ತು ತುಪ್ಪಳದ ಡೈನೋಸಾರ್‌ಗಳು ಮುಂದೆ ಏನಾಗುತ್ತಿದ್ದವು?’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಕ್ಕಿಗಳು ಉಳಿದವು, ಹಕ್ಕಿಯಲ್ಲದ ಡೈನೋಸಾರ್‌ಗಳು ಅಳಿದವು’ ಎಂದಿದೆ. ‘ವಿಕಾಸ’ವನ್ನು ಒಳಗಿನ ಪಠ್ಯಕ್ಕೆ ಇಳಿಸಿದ್ದೇನೆ. ಉಕಾರ ಹಚ್ಚಿಲ್ಲ. ನೆಟ್ಟಗೆ ನಿಂತ ಚಿತ್ರ ಇತ್ತು, ತೆಗೆಸಿದ್ದೇನೆ.

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಚಿತ್ರದುರ್ಗ

‘ಮಹಾ ಅಳಿವು’ ಅರಿಸಮಾಸ ಎಂದು ಮೊದಲ ಉತ್ತರದಲ್ಲೇ ಬರೆದಿದ್ದೆ.

ಉತ್ತರ: ಪತ್ರಿಕೆಯ ಕರಡು ತಿದ್ದುವವರು, ಹೊಳಲ್ಕೆರೆ

ನಡುವೆ ಜಾಗ ಬಿಟ್ಟಿದ್ದಾರೆ ಮೇಷ್ಟ್ರೇ, ಸಮಾಸವೇ ಆಗಿಲ್ಲ.